ಡೈವರ್ಸಿಟಿ ಚರ್ಚೆಯಲ್ಲಿ ಮುಂಚೂಣಿಗೆ ಬರಲು 6 ಸೂತ್ರಗಳು

ಆಫೀಸಿನ ಡೈವರ್ಸಿಟಿ ಮೀಟಿಂಗ್‌ನಲ್ಲಿ ಭಾಷೆ, ಹಬ್ಬ, ಊಟ, ಉಡುಗೆ ಎಲ್ಲವೂ ಚರ್ಚೆಯಾಗುತ್ತವೆ. ಅಂಗವೈಕಲ್ಯದ ಸರದಿ ಬಂದಾಗ ಮಾತ್ರ ಮಾತು ರ‍್ಯಾಂಪ್, ಲಿಫ್ಟ್‌ಗೇ ಮುಗಿದುಹೋಗುತ್ತದೆ. ಅಂಗವಿಕಲರ ಬದುಕಿನಲ್ಲೂ ಭಾಷೆ, ಕಲೆ, ಚರಿತ್ರೆ ಇವೆ. ಅವನ್ನು ಅರಿತವರೇ ನಾಳೆ ಎಲ್ಲರನ್ನೂ ಒಳಗೊಂಡ ಟೀಮ್ ಕಟ್ಟಬಲ್ಲರು. ಇಂದೇ ಶುರು ಮಾಡಿ.

1. ಸೈನ್ ಲ್ಯಾಂಗ್ವೇಜ್ ಕಲಿಯಿರಿ.
ಇಂಡಿಯನ್ ಸೈನ್ ಲ್ಯಾಂಗ್ವೇಜ್‌ಗೆ ತನ್ನದೇ ವ್ಯಾಕರಣವಿದೆ. 2021ರ ಡಿಕ್ಷನರಿಯಲ್ಲಿ 10,000 ಪದಗಳಿವೆ. ದಿನಕ್ಕೊಂದು ಕಲಿಯಿರಿ. ಕಿವುಡ ಸಹೋದ್ಯೋಗಿ ಗೆದ್ದಾಗ ಎರಡೂ ಕೈ ಮೇಲೆತ್ತಿ ಆಡಿಸಿ. ಅದು ಅವರ ಚಪ್ಪಾಳೆ.

2. ಹೋರಾಟದ ಚರಿತ್ರೆ ಓದಿ.
1988ರಲ್ಲಿ ವಾಷಿಂಗ್ಟನ್‌ನ ಕಿವುಡರ ಯೂನಿವರ್ಸಿಟಿಯಾದ ಗ್ಯಾಲೊಡೆಟ್‌ನ ವಿದ್ಯಾರ್ಥಿಗಳು ಕಿವುಡರೇ ಅಧ್ಯಕ್ಷರಾಗಬೇಕೆಂದು ಕ್ಯಾಂಪಸ್ ಬಂದ್ ಮಾಡಿದರು. ವಾರದೊಳಗೆ ಕಿವುಡರಾದ ಐ. ಕಿಂಗ್ ಜೋರ್ಡನ್ ಅಧ್ಯಕ್ಷರಾಗಿ ಆಯ್ಕೆಯಾದರು. ಈ ಚರಿತ್ರೆ ಗೊತ್ತಿದ್ದವರು ಕರುಣೆ ತೋರುವುದಿಲ್ಲ, ಗೌರವ ಕೊಡುತ್ತಾರೆ.

3. ಪರಂಪರೆಯನ್ನು ಗುರುತಿಸಿ.
ಗದಗದ ವೀರೇಶ್ವರ ಪುಣ್ಯಾಶ್ರಮ ನೆನಪಿಸಿಕೊಳ್ಳಿ. ಪಂಚಾಕ್ಷರ ಗವಾಯಿ, ಪುಟ್ಟರಾಜ ಗವಾಯಿ: ಗುರುವೂ ಅಂಧರು, ಶಿಷ್ಯರೂ ಅಂಧರು. ಅಲ್ಲಿ ಎಷ್ಟೋ ಅಂಧ ಮಕ್ಕಳು ಸಂಗೀತ ಕಲಿತರು. 'ಪಾಪ, ಕಣ್ಣಿಲ್ಲದಿದ್ದರೂ ಹಾಡ್ತಾರೆ' ಎನ್ನುವುದನ್ನು ಬಿಡಿ. ಅದು ನಾಡಿನ ಸಂಗೀತ ಪರಂಪರೆ, ಹಾಗೆಯೇ ಹೇಳಿ.

4. ಕಾನೂನು ತಿಳಿದುಕೊಳ್ಳಿ.
2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಅದರ 29ನೇ ಸೆಕ್ಷನ್ ಸಾಂಸ್ಕೃತಿಕ ಬದುಕಿನ ಹಕ್ಕನ್ನು ಹೇಳುತ್ತದೆ, ಅಂಗವಿಕಲರ ಚರಿತ್ರೆಗೆ ಮ್ಯೂಸಿಯಂ ಬೇಕೆನ್ನುತ್ತದೆ. ಮುಂದಿನ ಮೀಟಿಂಗ್‌ನಲ್ಲಿ ಇದನ್ನು ಪ್ರಸ್ತಾಪಿಸಿ. ಆಧಾರವಿರುವ ಮಾತಿಗೆ ತೂಕ ಹೆಚ್ಚು.

5. ಯೂನಿಕೋಡ್‌ನಲ್ಲೇ ಟೈಪ್ ಮಾಡಿ.
ಹಳೆಯ ಆಸ್ಕಿ ಫಾಂಟ್‌ನ ಕನ್ನಡ ಫೈಲನ್ನು ಅಂಧರು ಬಳಸುವ ಸ್ಕ್ರೀನ್ ರೀಡರ್ ಸರಿಯಾಗಿ ಓದಲಾರದು. ಯೂನಿಕೋಡ್ ಆದರೆ ಓದಿ ಹೇಳುತ್ತದೆ. ನಿಮ್ಮ ನೋಟ್ಸ್, ರಿಪೋರ್ಟ್, ಸರ್ಕ್ಯುಲರ್ ಎಲ್ಲರಿಗೂ ತಲುಪಲಿ.

6. ಪ್ಲಾನಿಂಗ್‌ಗೇ ಕರೆಯಿರಿ.
ವಿಶ್ವ ಅಂಗವಿಕಲರ ದಿನವಾದ ಡಿಸೆಂಬರ್ 3ರಂದು ಹಾರ ಹಾಕಿ ಸುಮ್ಮನಾಗಬೇಡಿ. ಕಾರ್ಯಕ್ರಮ ರೂಪಿಸುವಾಗಲೇ ಅಂಗವಿಕಲ ಸಹೋದ್ಯೋಗಿಗಳನ್ನು ಕೂರಿಸಿಕೊಳ್ಳಿ, ಬಜೆಟ್ ಕೊಡಿ. ತಮ್ಮ ಸಂಸ್ಕೃತಿಯನ್ನು ಅವರೇ ಚೆನ್ನಾಗಿ ಬಲ್ಲರು.

'ಏನಾದರೂ ತಪ್ಪು ಮಾತಾಡಿಬಿಟ್ಟರೆ?' ಎಂಬ ಅಳುಕು ಬರೀ ಅಭ್ಯಾಸ. ಕೇಳಿ, ತಿದ್ದಿಕೊಳ್ಳಿ, ಮುಂದುವರಿಯಿರಿ. ಮುಂದಿನ ಮೀಟಿಂಗ್‌ನ ಅಜೆಂಡಾದಲ್ಲಿ ಈ ವಿಷಯವನ್ನು ನೀವೇ ಸೇರಿಸಿ.