ಬೆಳೆಸಾಲದ ಕೌಂಟರಿನ ಮುಂದೆ

ಸಹಕಾರವೆಂಬುದು ಪುತ್ತೂರು ಸೀಮೆಯಲ್ಲಿ ಬರಿಯ ಉಪದೇಶವಾಗಿ ಉಳಿಯದೆ ಮನೆಮನೆಯ ವ್ಯವಹಾರವಾಗಿ ಬೇರೂರಿ ಶತಮಾನವೇ ಸಂದಿದೆ. ಮೊಳಹಳ್ಳಿ ಶಿವರಾಯರು 1909ರಲ್ಲಿ ಇಲ್ಲಿ ಪತ್ತಿನ ಸಂಘವನ್ನು ಸ್ಥಾಪಿಸಿದರು; ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಈ ಊರಿನಲ್ಲಿಯೇ ಜನ್ಮತಾಳಿ ಅನಂತರ ಮಂಗಳೂರಿಗೆ ನೆಲೆ ಬದಲಿಸಿತು; 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊವನ್ನು ಕಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೂ ನಿಲ್ಲಿಸಿದರು. ನರಿಮೊಗರಿನಂಥ ಗ್ರಾಮದಲ್ಲಿ ಹುಟ್ಟಿದವರಿಗೆ ಸಹಕಾರಿ ಸಂಘವೆಂದರೆ ಗೊಬ್ಬರ, ಮೈಲುತುತ್ತು, ಸಾಲ, ಠೇವಣಿಗಳೆಲ್ಲವೂ ಒಂದೇ ಸೂರಿನಡಿ ದೊರೆಯುವ ತಾಣ. ಆದುದರಿಂದ, ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿ ದುಡಿದು ಊರಿಗೆ ಮರಳಿದ ನಾನು, ಮಂಗಳೂರಿನ ಒಂದು ಸಣ್ಣ ಸಂಸ್ಥೆಯ ಪರವಾಗಿ ನಮ್ಮ ಕಡೆಯ ಸಂಘವೊಂದಕ್ಕೆ ತಂತ್ರಾಂಶ ರೂಪಿಸುವ ಕಾರ್ಯಕ್ಕೆ ಕೈಹಾಕಿದಾಗ, ಇಲ್ಲಿಯ ಜನರಿಗೆ ಬೇಕಾದುದೇನೆಂಬುದು ನನಗೆ ಹುಟ್ಟಿನಿಂದಲೇ ತಿಳಿದಿದೆಯೆಂದು ಸಂಘದವರು ನಂಬಿದ್ದರು. ಪರಿಚಯವೆಂಬುದು ಅನುಕೂಲವೂ ಹೌದು, ಅಡಚಣೆಯೂ ಹೌದು. ಪರಿಚಿತರ ಮುಂದೆ ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲ, “ನಿಮಗೆ ಗೊತ್ತಿಲ್ಲದ್ದು ಉಂಟಾ?” ಎಂದು ಮಾತು ಮುಗಿಸಿಬಿಡುತ್ತಾರೆ.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಕಲೆತ 17 ಮಂದಿ ತಂತ್ರಾಂಶ ತಜ್ಞರ ಪ್ರಣಾಳಿಕೆಯಿಂದ ಹೆಸರು ಪಡೆದ, ಈ ಕಾರ್ಯದಲ್ಲಿ ನಾವು ಅನುಸರಿಸಿದ ಅಜೈಲ್ ಪದ್ಧತಿಯಲ್ಲಿ, ಬೇಕಾದುದೆಲ್ಲವನ್ನೂ ಆರಂಭದಲ್ಲಿಯೇ ದಪ್ಪನೆಯ ದಸ್ತಾವೇಜಿನಲ್ಲಿ ಬರೆದು ಮುದ್ರೆಯೊತ್ತುವ ಕ್ರಮವಿಲ್ಲ. ಕೆಲವೇ ವಾರಗಳ ಆವರ್ತಗಳಲ್ಲಿ, ಎಂದರೆ ಸ್ಪ್ರಿಂಟುಗಳಲ್ಲಿ, ಒಂದೊಂದೇ ಭಾಗವನ್ನು ಕಟ್ಟಿ, ಬಳಸುವವರ ಕೈಗಿತ್ತು, ಅವರು ಹೇಳಿದುದನ್ನೂ ಹೇಳದೆ ಮಾಡಿದುದನ್ನೂ ಗಮನಿಸಿ ಮುಂದಿನದನ್ನು ನಿಶ್ಚಯಿಸಬೇಕು. ಇದರಿಂದ ವಿಶ್ಲೇಷಕನ ಹೊರೆ ಇಳಿಯಿತೆಂದು ಭಾವಿಸುವವರುಂಟು. ನನ್ನ ಅನುಭವದಲ್ಲಿ ಹೊರೆ ಏರಿದೆ: ಹಿಂದೆ ಒಮ್ಮೆ ಕೇಳಿ ಮುಗಿಸುತ್ತಿದ್ದ ಪ್ರಶ್ನೆಯನ್ನು ಈಗ ಪ್ರತಿ ಆವರ್ತದಲ್ಲಿಯೂ ಕೇಳಬೇಕು. ಈ ವೃತ್ತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಐಬಿಎಯ ಕೈಪಿಡಿಯು ಅಗತ್ಯವನ್ನೂ ರಿಕ್ವೈರ್‌ಮೆಂಟನ್ನೂ ಬೇರ್ಪಡಿಸುತ್ತದೆ. ಪರಿಹಾರವಾಗಬೇಕಾದ ತೊಡಕು ಅಥವಾ ಬಳಸಿಕೊಳ್ಳಬಹುದಾದ ಅವಕಾಶ ಅಗತ್ಯವೆನಿಸುತ್ತದೆ. ಅದನ್ನು ಕಟ್ಟುವವರಿಗೆ ಉಪಯೋಗವಾಗುವಂತೆ ನಿರೂಪಿಸಿದಾಗ ರಿಕ್ವೈರ್‌ಮೆಂಟು. ಸಭೆಗಳಲ್ಲಿ ಹೇರಳವಾಗಿ ದೊರೆಯುವುದು ಎರಡನೆಯದು, ಅದೂ ಮೊದಲನೆಯದನ್ನು ಯಾರೂ ವಿಚಾರಿಸುವ ಮುನ್ನವೇ.

ನಮ್ಮ ಮೊದಲ ಸಭೆಯೂ ಹಾಗೆಯೇ ನಡೆಯಿತು. ದೊಡ್ಡ ಬ್ಯಾಂಕುಗಳಂತೆ ಸದಸ್ಯರ ಮೊಬೈಲಿಗೆ ಸಂದೇಶ ಹೋಗಬೇಕೆಂದು ನಿರ್ದೇಶಕರು ಹೇಳಿದರು. ಮಾರ್ಚ್ ಕೊನೆಯ ವಸೂಲಾತಿಯ ಪಟ್ಟಿ ಕ್ಷಣಮಾತ್ರದಲ್ಲಿ ಕೈಗೆ ಬರಬೇಕೆಂದರು ಕಾರ್ಯದರ್ಶಿ. ಲೆಕ್ಕಪರಿಶೋಧಕರಿಗೂ ಜಿಲ್ಲಾ ಬ್ಯಾಂಕಿಗೂ ಸಲ್ಲಬೇಕಾದ ತಖ್ತೆಗಳ ನಮೂನೆಗಳು ಮೇಜಿನ ಮೇಲೆ ಬಂದವು. ಬೆಳೆಸಾಲದ ಕೌಂಟರನ್ನು ನೋಡಿಕೊಳ್ಳುವ ಗುಮಾಸ್ತೆ ಮಾತ್ರ ಏನೂ ಹೇಳಲಿಲ್ಲ. ಅಂಗಡಿಗೆ ತಂದ ಚೀಲವನ್ನು ಸುರಿದು, ಪಟೋರ, ಉಳ್ಳಿಗಡ್ಡೆ, ಕರಿಗೋಟುಗಳನ್ನು ಬೇರೆ ಮಾಡಿದ ಮೇಲೆಯೇ ಅಡಿಕೆಗೆ ಧಾರಣೆ ಹೇಳುವಂತೆ, ಇಂಥ ಬೇಡಿಕೆಗಳಲ್ಲಿಯೂ ಕಾನೂನು ವಿಧಿಸಿದುದಾವುದು, ಬೇರೆಡೆ ಕಂಡು ಮೆಚ್ಚಿದುದಾವುದು, ದಿನನಿತ್ಯ ಕಾಡುವುದಾವುದು ಎಂದು ವಿಂಗಡಿಸಿದ ಬಳಿಕವೇ ಬ್ಯಾಕ್‌ಲಾಗಿಗೆ, ಎಂದರೆ ಕಟ್ಟಬೇಕಾದವುಗಳ ಪಟ್ಟಿಗೆ, ಸೇರಿಸುವುದು ಯುಕ್ತ. ಸಾಲದ ಗಡುವಿಗೆ ಮುಂಚೆ ನೆನಪೋಲೆಯ ಸಂದೇಶ ಹೋಗಬೇಕೆಂಬುದು ಎಲ್ಲರೂ ಒಪ್ಪಿದ ಸಂಗತಿಯಾದ್ದರಿಂದ ಮೊದಲ ಆವರ್ತದಲ್ಲಿ ಅದನ್ನೇ ಕಟ್ಟಿಕೊಟ್ಟೆವು. ಸಂದೇಶಗಳು ತಪ್ಪದೆ ಹೋದವು. ಕೌಂಟರಿನ ಮುಂದಿನ ಗೊಂದಲ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಕಾರಣವನ್ನು ತಿಳಿಯಬೇಕಾದರೆ ಬೆಳೆಸಾಲದ ನಡೆಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಸಹಕಾರಿ ಸಂಘಗಳು ಕೊಡುವ ಅಲ್ಪಾವಧಿ ಬೆಳೆಸಾಲಕ್ಕೆ ಒಂದು ಮಿತಿಯವರೆಗೆ ಬಡ್ಡಿಯಿಲ್ಲ. 3 ಲಕ್ಷ ರೂಪಾಯಿಗಳಾಗಿದ್ದ ಆ ಮಿತಿಯನ್ನು 5 ಲಕ್ಷಕ್ಕೆ ಏರಿಸುವ ಘೋಷಣೆ 2023ರ ಮುಂಗಡಪತ್ರದಲ್ಲಿ ಬಂತು. ಆದರೆ ಈ ರಿಯಾಯಿತಿ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಗಡುವು ತಪ್ಪಿತೆಂದರೆ ಬಡ್ಡಿ ತಲೆಯ ಮೇಲೆ ಬಿತ್ತೆಂದೇ ಅರ್ಥ. ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ ದಾಸ್ತಾನಿಟ್ಟು, ಧಾರಣೆ ಏರುವವರೆಗೆ ಕಾಯುವುದು ನಮ್ಮವರ ಪರಂಪರಾಗತ ಉಳಿತಾಯ ಕ್ರಮ. ಗಡುವು ಮಳೆಗಾಲದಲ್ಲಿ ಬಂತೋ, ಕೊಳೆರೋಗದ ಭಯದಿಂದ ನೂರು ಲೀಟರ್ ನೀರಿಗೆ ಒಂದೊಂದು ಕಿಲೊ ಮೈಲುತುತ್ತು, ಸುಣ್ಣ ಬೆರೆಸಿ ಮದ್ದು ಬಿಡಿಸುವ ಖರ್ಚು, ಮರ ಹತ್ತುವವರ ಸಂಬಳ, ಎಲ್ಲವೂ ಒಮ್ಮೆಲೇ ಎದುರಾಗಿ ಕೈಯಲ್ಲಿ ನಗದೆಂಬುದು ಇರುವುದಿಲ್ಲ. ಆಗ ಕೃಷಿಕನು ನೆಂಟರಿಂದಲೋ ಪೇಟೆಯ ಅಂಗಡಿಯವರಿಂದಲೋ ಕೈಸಾಲ ತಂದು ಹಳೆಯ ಸಾಲವನ್ನು ಕಟ್ಟಿ, ಹೊಸ ಸಾಲ ಮಂಜೂರಾದೊಡನೆ ಅದರಿಂದ ಕೈಸಾಲವನ್ನು ಹಿಂದಿರುಗಿಸುತ್ತಾನೆ. ಈ ಎರಡರ ನಡುವಣ ದಿನಗಳೇ ಅವನ ಸಂಕಟ.

ನಾನು ಕೌಂಟರಿನ ಬದಿಯ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ಒಂದು ಬೆಳಗ್ಗೆ, ಹಣ ಕಟ್ಟಿ ರಸೀದಿ ಪಡೆದ ವೃದ್ಧ ಸದಸ್ಯರೊಬ್ಬರನ್ನು, ಸಂದೇಶದಿಂದ ಪ್ರಯೋಜನವಾಯಿತೇ ಎಂದು ವಿಚಾರಿಸಿದೆ. “ಗಡು ಯಾವತ್ತು ಅಂತ ನನಗೆ ಗೊತ್ತುಂಟು ಮಾರಾಯ್ರೆ, ಮೆಸೇಜು ಬರಬೇಕು ಅಂತ ಇಲ್ಲ. ಭಾವನ ಹತ್ತಿರ ತಂದ ದುಡ್ಡನ್ನು ಯಾವಾಗ ತಿರುಗಿ ಕೊಡ್ತೇನೆ ಅಂತ ಹೇಳುವುದು? ಅದನ್ನು ನಿಮ್ಮ ಕಂಪ್ಯೂಟರ್ ಹೇಳ್ತದಾ?” ಎಂದರು. ಅವರ ಹೊಸ ಸಾಲ ತಡೆದು ನಿಂತಿದ್ದುದು ಒಂದು ಕಾಗದಕ್ಕಾಗಿ: ಪಹಣಿ ಜಂಟಿಯಾಗಿದ್ದು, ಮುಂಬಯಿಯಲ್ಲಿರುವ ತಮ್ಮನ ಒಪ್ಪಿಗೆಪತ್ರ ಬಂದಿರಲಿಲ್ಲ. ಅದು ಬಂದಿಲ್ಲವೆಂದು ತಿಳಿದುದು ಹಣ ಕಟ್ಟಿದ ಮೇಲೆ. ಬೆಂಚಿನಲ್ಲಿ ಕುಳಿತವರ ಕತೆಗಳೆಲ್ಲ ಬಹುಮಟ್ಟಿಗೆ ಇದೇ ಜಾತಿಯವು. ಒಬ್ಬರಿಗೆ ಆಧಾರಿನಲ್ಲಿಯೂ ಪಹಣಿಯಲ್ಲಿಯೂ ಹೆಸರು ಬೇರೆ ಬೇರೆ, ಇನ್ನೊಬ್ಬರಿಗೆ ಜಾಮೀನುದಾರ ತೀರಿಕೊಂಡು ಹೊಸಬರು ಸಹಿ ಹಾಕಬೇಕು. ಮುಂಬಯಿಯ ಆ ತಮ್ಮ ನಮ್ಮ ಯಾವ ಸಭೆಗೂ ಬರುವವನಲ್ಲ, ನಮ್ಮ ಸ್ಟೇಕ್‌ಹೋಲ್ಡರುಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆದರೂ ಇಡೀ ವ್ಯವಹಾರ ಅವನ ಸಹಿಗಾಗಿ ಕಾದು ನಿಂತಿತ್ತು.

ಸದಸ್ಯನ ಅಗತ್ಯವನ್ನು ಆಗ ಹೀಗೆ ಬರೆದುಕೊಂಡೆವು: ಹಣ ಕಟ್ಟುವ ಮೊದಲೇ, ತನ್ನ ಕಡತದಲ್ಲಿ ಏನು ಕೊರತೆಯಿದೆಯೆಂದು ಅವನಿಗೆ ತಿಳಿಯಬೇಕು, ಕೈಸಾಲವನ್ನು ಅತ್ಯಲ್ಪ ದಿನಗಳಿಗೆ ತರುವುದು ಅವನಿಗೆ ಸಾಧ್ಯವಾಗಬೇಕು. ಇದನ್ನು ಮುಂದಿಟ್ಟಾಗ ಕಾರ್ಯದರ್ಶಿಗಳು ಆಕ್ಷೇಪಿಸಿದರು, ಮತ್ತು ಆ ಆಕ್ಷೇಪ ನ್ಯಾಯವಾಗಿತ್ತು. ಎಲ್ಲವೂ ಸಿದ್ಧವೆಂದು ಸಂಘ ಹೇಳಿಬಿಟ್ಟರೆ ಅದು ವಾಗ್ದಾನವಾಗುತ್ತದೆ. ಜಿಲ್ಲಾ ಬ್ಯಾಂಕಿನ ಮಂಜೂರಾತಿ ತಡವಾದರೆ ಅಪವಾದ ಹೊರುವವರು ಕೌಂಟರಿನವರು. ಸದಸ್ಯನಿಗೆ ನಿಶ್ಚಿತತೆ ಬೇಕು, ಸಂಘಕ್ಕೆ ತನ್ನ ಕೈಮೀರಿದುದಕ್ಕೆ ಹೊಣೆಯಾಗದಿರುವ ರಕ್ಷೆ ಬೇಕು. ಇವೆರಡೂ ನಿಜವಾದ ಅಗತ್ಯಗಳೇ, ಮತ್ತು ಪರಸ್ಪರ ವಿರುದ್ಧ. ಇಂಥ ವಿರೋಧವನ್ನು ಒಂದೇ ಸಭೆಯಲ್ಲಿ ಚರ್ಚಿಸಿ ಇತ್ಯರ್ಥಪಡಿಸಲು ಹೊರಡುವುದಕ್ಕಿಂತ, ಒಂದು ರೂಪವನ್ನು ಕೊಟ್ಟು ಕೆಲದಿನ ನಡೆಸಿ ನೋಡುವುದೇ ಲೇಸು. ಅಜೈಲ್ ಪದ್ಧತಿಯ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಈ ಸೌಕರ್ಯ. ಸಂದೇಶದಲ್ಲಿ ಇಲ್ಲದ ಕಾಗದದ ಹೆಸರನ್ನು ಮಾತ್ರ ಹೇಳುವುದು, ಕೊರತೆಯೇನೂ ಇಲ್ಲದಾಗ ಸಂಘದ ಕಡೆಯ ದಾಖಲೆ ಪೂರ್ಣವೆಂದಷ್ಟೇ ತಿಳಿಸುವುದು, ಮಂಜೂರಾತಿಯ ದಿನವನ್ನು ಸೂಚಿಸದಿರುವುದು, ಎಂಬಲ್ಲಿಗೆ ಮಾತು ನಿಂತಿತು.

ಹಾಗಾದರೆ ಕೊರತೆಯ ವಿವರವನ್ನು ಯಾರು, ಯಾವಾಗ ಗಣಕಕ್ಕೆ ತುಂಬುವುದು? ಸಭೆಯಲ್ಲಿ ಮೌನವಾಗಿದ್ದ ಗುಮಾಸ್ತೆ ಆಗ ಮೇಜಿನ ಡ್ರಾವರಿನಿಂದ ಉದ್ದನೆಯ ಬೈಂಡು ಪುಸ್ತಕವೊಂದನ್ನು ತೆಗೆದರು. ಪುಟದ ಎಡಕ್ಕೆ ಸದಸ್ಯರ ಸಂಖ್ಯೆ, ಬಲಕ್ಕೆ ಬರಬೇಕಾದ ಕಾಗದಗಳು, ಅಷ್ಟೂ ಪೆನ್ಸಿಲಿನಲ್ಲಿ. ಕಾಗದ ಬಂದೊಡನೆ ರಬ್ಬರಿನಿಂದ ಅಳಿಸುವುದರಿಂದ ಕೆಲವು ಸಾಲುಗಳಲ್ಲಿ ಹಾಳೆ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ಯಾವ ನಿಯಮದಲ್ಲಿಯೂ ಇಲ್ಲದ, ಯಾವ ಲೆಕ್ಕಪರಿಶೋಧಕನೂ ಕೇಳದ ಆ ಪುಸ್ತಕವೇ ನಮ್ಮ ಎರಡನೆಯ ಆವರ್ತದ ನಕ್ಷೆಯಾಯಿತು. ತೆರೆಯ ಮೇಲೆ ಅದೇ ಎಡ-ಬಲ, ಅದೇ ಕ್ರಮ. ಪೆನ್ಸಿಲಿನ ಬದಲು ಒಂದು ಗುರುತು. ಸಭೆಯಲ್ಲಿ ಅವರನ್ನು ಎಷ್ಟು ಸಲ ಪ್ರಶ್ನಿಸಿದ್ದರೂ ಈ ಪುಸ್ತಕ ಹೊರಬರುತ್ತಿತ್ತೆಂದು ನನಗೆ ತೋರುವುದಿಲ್ಲ, ಏಕೆಂದರೆ ಅವರ ದೃಷ್ಟಿಯಲ್ಲಿ ಅದು ಹೇಳಬೇಕಾದ ವಿಷಯವೇ ಆಗಿರಲಿಲ್ಲ. ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಟ್ಟ ದಿನಗಳಿಗೆಂದು ಅವರು ಮೂಲಪುಸ್ತಕವನ್ನು ಇರಿಸಿಕೊಂಡೇ ಇದ್ದಾರೆ. ಅದನ್ನು ಬಿಡಿಸಲು ನಾವು ಯತ್ನಿಸಲಿಲ್ಲ.

2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ನಮ್ಮದರಂಥ, ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಸಮ್ಮತಿಯಿತ್ತಿತು. ರಾಷ್ಟ್ರಕ್ಕೆಲ್ಲ ಒಂದು ಸಾಮಾನ್ಯ ತಂತ್ರಾಂಶ, ಸಂಘದಿಂದ ಜಿಲ್ಲಾ ಬ್ಯಾಂಕಿಗೆ, ರಾಜ್ಯ ಬ್ಯಾಂಕಿಗೆ, ನಬಾರ್ಡಿಗೆ ಸಂಪರ್ಕ, ಪ್ರಾದೇಶಿಕ ಭಾಷೆಗೆ ಅವಕಾಶ, ಇವು ಅದರ ಆಶಯಗಳು. ಲೆಕ್ಕದ ಏಕರೂಪತೆಯೂ ಮೇಲ್ವಿಚಾರಣೆಯ ಸುಗಮತೆಯೂ ಸಣ್ಣ ಪ್ರಯೋಜನಗಳಲ್ಲ. ಮೇಲಿನವರ ಅಗತ್ಯವೂ ಅಗತ್ಯವೇ. ಆದರೆ ಬೈಂಡು ಪುಸ್ತಕದಂಥದು ದೆಹಲಿಯವರೆಗೆ ತಾನಾಗಿ ನಡೆದುಹೋಗುವ ವಸ್ತುವಲ್ಲ. ಪ್ರತಿ ಸಂಘದ ವಾರ್ಷಿಕ ಮಹಾಸಭೆಯೂ ಸೆಪ್ಟೆಂಬರಿನೊಳಗೆ ನಡೆಯುತ್ತದೆ, ಅಲ್ಲಿ ಡಿವಿಡೆಂಡಿನ ಶೇಕಡಾವಾರು ವಿಚಾರ ಮುಗಿದ ಮೇಲೆ ಸಮಯ ಉಳಿದೇ ಇರುತ್ತದೆ. ಈ ಲೇಖನವನ್ನು ಓದುವ ಸದಸ್ಯರು ಈ ವರ್ಷ ಎದ್ದು ನಿಂತು, ಸಾಲ ಕಟ್ಟಿದ ದಿನಕ್ಕೂ ಹೊಸ ಸಾಲ ಕೈಸೇರಿದ ದಿನಕ್ಕೂ ನಡುವಣ ಅಂತರವನ್ನು ತಂತ್ರಾಂಶವು ದಾಖಲಿಸಬೇಕೆಂದು ಕೇಳಿ, ಆ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕೆಂದು ನನ್ನ ವಿನಂತಿ.