ಲ್ಯಾಪ್‌ಟಾಪಿನ ಕಾವು: ಕಾರಣ ಮತ್ತು ಪರಿಹಾರ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ ಮುಂತಾದ ವಿಷಯಗಳನ್ನು ಈ ಪಾಠಮಾಲೆಯಲ್ಲಿ ಅಭ್ಯಾಸ ಮಾಡುವುದು ರೂಢಿ. ಈ ಸಲ ಗಿಡದ ರೋಗವನ್ನು ಬಿಟ್ಟು ಯಂತ್ರವೊಂದರ ರೋಗವನ್ನು ತೆಗೆದುಕೊಳ್ಳೋಣ. ಕಾರಣವಿದೆ. ಪಹಣಿ 'ಭೂಮಿ' ಯೋಜನೆಯಿಂದ ಗಣಕಯಂತ್ರಕ್ಕೆ ಬಂದು ಎರಡು ದಶಕ ಮೀರಿತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆಂದು 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು 63,000 ಸಂಘಗಳಿಗೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಹೀಗಾಗಿ ಆಳಿನ ಕೂಲಿ, ಚೀಲದ ತೂಕ, ಸಾಲದ ಕಂತು, ಮಕ್ಕಳ ಓದು ಎಲ್ಲವೂ ಒಂದು ಲ್ಯಾಪ್‌ಟಾಪಿನೊಳಗೆ ಸೇರಿರುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ.

ಈ ಯಂತ್ರ ಕೈಕೊಡುವುದು ಸಾಮಾನ್ಯವಾಗಿ ಕೆಲಸದ ಹೊತ್ತಿನಲ್ಲಿಯೇ. ಕಾಫಿ ಹಣ್ಣಿನ ಕೊಯ್ಲು, ಅಡಿಕೆಯ ಕೊಯ್ಲು ಒಟ್ಟೊಟ್ಟಿಗೆ ಬರುವ ತಿಂಗಳುಗಳಲ್ಲಿ ಕಣದ ಧೂಳು ಹೆಚ್ಚು, ಯಂತ್ರಕ್ಕೆ ದುಡಿಮೆಯೂ ಹೆಚ್ಚು. ಮೊದಲು ಬಿಸಿಯಾಗುತ್ತದೆ, ಆಮೇಲೆ ತಾನಾಗಿ ಆರುತ್ತದೆ, ಕೊನೆಗೆ ಒಂದು ದಿನ ಏಳುವುದೇ ಇಲ್ಲ. ರೋಗದ ಗುರುತು ತಿಳಿದಿದ್ದರೆ ಇವುಗಳಲ್ಲಿ ಅನೇಕ ತೊಂದರೆಗಳನ್ನು ಮನೆಯಲ್ಲೇ ನಿವಾರಿಸಬಹುದು. ಉಳಿದವನ್ನು ಮೆಕ್ಯಾನಿಕ್ ಬಳಿ ಸರಿಯಾಗಿ ವಿವರಿಸಬಹುದು.

1. ಕಾವು ಹುಟ್ಟುವುದು, ಹೊರಹೋಗುವುದು

ಲ್ಯಾಪ್‌ಟಾಪಿನೊಳಗೆ ಲೆಕ್ಕ ಮಾಡುವ ಮುಖ್ಯ ಬಿಲ್ಲೆಗೆ ಪ್ರೊಸೆಸರ್ ಎನ್ನುತ್ತಾರೆ. ಸಾಮಾನ್ಯ ಯಂತ್ರಗಳಲ್ಲಿ ಅದು ಸುಮಾರು 15ರಿಂದ 45 ವಾಟ್ ವಿದ್ಯುತ್ತನ್ನು ಬಳಸುತ್ತದೆ, ಅಷ್ಟೂ ಕೊನೆಗೆ ಕಾವಾಗಿಯೇ ಹೊರಬರುತ್ತದೆ. ಉಗುರಿನಗಲದ ಜಾಗದಲ್ಲಿ ಹುಟ್ಟುವ ಈ ಕಾವನ್ನು ಕ್ಷಣಕ್ಷಣಕ್ಕೂ ಹೊರಗೆ ಹಾಕದಿದ್ದರೆ ಬಿಲ್ಲೆ ಸುಟ್ಟುಹೋಗುತ್ತದೆ.

ಕಾವು ಹೊರಹೋಗುವ ದಾರಿ ಹೀಗಿದೆ. ಬಿಲ್ಲೆಯ ಮೇಲೆ ತೆಳುವಾಗಿ ಒಂದು ಲೇಪ ಹಚ್ಚಿರುತ್ತಾರೆ. ಲೇಪದ ಮೇಲೆ ತಾಮ್ರದ ತಗಡು, ಅದಕ್ಕೆ ಅಂಟಿದಂತೆ ತಾಮ್ರದ ಚಪ್ಪಟೆ ಕೊಳವೆ. ಕೊಳವೆಯೊಳಗಿನ ಗಾಳಿಯನ್ನು ಹೀರಿ ತೆಗೆದು ಅತಿ ಸ್ವಲ್ಪ ನೀರನ್ನು ಮಾತ್ರ ಇಟ್ಟು ಮುಚ್ಚಿರುತ್ತಾರೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ತಂಪಾದ ತುದಿಗೆ ಓಡುತ್ತದೆ, ಅಲ್ಲಿ ಕಾವನ್ನು ಬಿಟ್ಟು ಮತ್ತೆ ನೀರಾಗಿ ಹಿಂದಿರುಗುತ್ತದೆ. ತಂಪಾದ ತುದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಲೋಹದ ರೆಕ್ಕೆಗಳಿವೆ. ಒಂದು ಸಣ್ಣ ಫ್ಯಾನು ತಳದಿಂದ ಗಾಳಿಯನ್ನೆಳೆದು ಈ ರೆಕ್ಕೆಗಳ ನಡುವೆ ಊದಿ ಪಕ್ಕದಿಂದ ಇಲ್ಲವೇ ಹಿಂದಿನಿಂದ ಹೊರಗೆ ಬಿಡುತ್ತದೆ.

ಈ ಸರಪಣಿಯ ಯಾವ ಕೊಂಡಿ ಸಡಿಲವಾದರೂ ಕಾವು ಒಳಗೇ ನಿಲ್ಲುತ್ತದೆ. ಆಗ ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳಲು ನೋಡುತ್ತದೆ. ಮೊದಲು ಫ್ಯಾನಿನ ವೇಗ ಹೆಚ್ಚುತ್ತದೆ. ಸಾಲದಿದ್ದರೆ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ; ಯಂತ್ರ ನಿಧಾನವಾಯಿತೆಂದು ನಾವು ಬೇಸರಪಡುವುದು ಆಗ. ಅದೂ ಸಾಲದೆ ಉಷ್ಣತೆ ಸುಮಾರು 100 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ, ಎಂದರೆ ಅಡಿಕೆ ಬೇಯಿಸುವ ಹಂಡೆಯ ನೀರಿನಷ್ಟು ಬಿಸಿಯಾದರೆ, ಯಂತ್ರ ಏನೂ ಹೇಳದೆ ಆರಿಹೋಗುತ್ತದೆ. ಇಂತಹ ಆರುವಿಕೆ ಯಂತ್ರ ಸತ್ತ ಗುರುತಲ್ಲ. ಅದು ಎಚ್ಚರಿಕೆ. ಅರ್ಥ ಮಾಡಿಕೊಳ್ಳದೆ ಮತ್ತೆ ಮತ್ತೆ ಗುಂಡಿ ಒತ್ತುವುದರಿಂದಲೇ ಸಣ್ಣ ತೊಂದರೆ ದೊಡ್ಡದಾಗುತ್ತದೆ.

2. ನಮ್ಮ ಕಡೆ ಕಾಣುವ ಕಾರಣಗಳು

(ಅ) ಧೂಳು ಮತ್ತು ನಾರು. ಕಣದಲ್ಲಿ ಒಣ ಚೆರ್ರಿ ತಿರುವಿದಾಗ ಏಳುವ ಧೂಳು, ಅಡಿಕೆ ಸಿಪ್ಪೆಯ ನಾರು, ಗೋಣಿಚೀಲದ ಎಳೆ ಇವು ಲೋಹದ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂರುತ್ತವೆ. ಫ್ಯಾನು ಎಷ್ಟು ತಿರುಗಿದರೂ ಗಾಳಿ ಹೊರಗೆ ಬಾರದು. ತೂಕದ ಲೆಕ್ಕವನ್ನು ಕಣದಲ್ಲೇ ಯಂತ್ರವಿಟ್ಟು ಬರೆಯುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕಣದಲ್ಲಿ ಪುಸ್ತಕಕ್ಕೆ ಬರೆದು, ಸಂಜೆ ಮನೆಯಲ್ಲಿ ಯಂತ್ರಕ್ಕೆ ಏರಿಸುವುದು ಉತ್ತಮ.

(ಆ) ಇಡುವ ಜಾಗ. ಹಾಸಿಗೆ, ಕಂಬಳಿ, ಚೀಲದ ರಾಶಿ, ತೊಡೆ ಇವು ತಳದ ಗಾಳಿಕಿಂಡಿಯನ್ನು ಮುಚ್ಚುತ್ತವೆ. ಗಟ್ಟಿಯಾದ ಹಲಗೆಯ ಮೇಲಿಟ್ಟು, ಹಿಂದಿನ ಎರಡು ಮೂಲೆಗಳ ಕೆಳಗೆ ಒಂದೊಂದು ಬಾಟಲಿ ಮುಚ್ಚಳ ಇಟ್ಟರೆ ಗಾಳಿಗೆ ದಾರಿಯಾಗುತ್ತದೆ. ಖರ್ಚಿಲ್ಲದ ಉಪಾಯ.

(ಇ) ಮುಚ್ಚಿದ ಚೀಲ. ಮುಚ್ಚಳ ಮಡಚಿದ ಮಾತ್ರಕ್ಕೆ ಲ್ಯಾಪ್‌ಟಾಪ್ ಆರಿತೆಂದು ತಿಳಿಯಬಾರದು. ಅನೇಕ ಯಂತ್ರಗಳು ನಿದ್ರೆಗೆ ಮಾತ್ರ ಹೋಗುತ್ತವೆ, ನಡುವೆ ತಾವಾಗಿ ಎದ್ದೂಬಿಡುತ್ತವೆ. ಚೀಲದಲ್ಲಿಟ್ಟು ಜೀಪಿನಲ್ಲಿ ಅರಕಲಗೂಡಿಗೋ ಹಾಸನಕ್ಕೋ ಒಯ್ಯುವ ಮೊದಲು ಪೂರ್ತಿ ಆರಿಸಬೇಕು.

(ಈ) ಲೇಪ ಒಣಗುವುದು. ಪ್ರೊಸೆಸರಿನ ಮೇಲಿನ ಲೇಪ ಕೆಲವು ವರ್ಷಗಳಲ್ಲಿ ಒಣಗಿ ಬಿರುಕು ಬಿಡುತ್ತದೆ. ಯಂತ್ರ ಹಳೆಯದಾಗಿ, ಶುಚಿ ಮಾಡಿದ ಮೇಲೂ ಕಾವು ಇಳಿಯದಿದ್ದರೆ ಇದೇ ಕಾರಣವಿರಬಹುದು. ಹೊಸ ಲೇಪ ಹಚ್ಚುವುದು ಮೆಕ್ಯಾನಿಕ್ ಕೆಲಸ.

(ಉ) ಹೆಚ್ಚಿನ ದುಡಿಮೆ. ಯಂತ್ರ ಸುಮ್ಮನೆ ಇದ್ದಾಗಲೂ ಫ್ಯಾನು ಜೋರಾಗಿ ಕೂಗುತ್ತಿದ್ದರೆ ಯಾವುದೋ ಕಾರ್ಯಕ್ರಮ ಒಳಗೆ ಓಡುತ್ತಿದೆ ಎಂದರ್ಥ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಯಾವುದು ಎಷ್ಟು ದುಡಿಸುತ್ತಿದೆ ಎಂಬ ಪಟ್ಟಿ ಕಾಣುತ್ತದೆ.

ರುದ್ರಪಟ್ಟಣದವರಿಗೆ ಕಿವಿಯ ಪಾಠವನ್ನು ನಾವು ಹೇಳಬೇಕಾಗಿಲ್ಲ. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ತಂಬೂರಿಯ ಆಕಾರದ ಮಂದಿರವೇ ಎದ್ದಿರುವ ಊರು ಇದು. ಅದೇ ಕಿವಿಯನ್ನು ಫ್ಯಾನಿಗೂ ಕೊಡಿರಿ. ಒಂದೇ ಸಮನಾದ ಮೃದು ಸದ್ದು ಆರೋಗ್ಯದ ಲಕ್ಷಣ. ಜೋರು ಸದ್ದಿದ್ದೂ ಕಿಂಡಿಯಲ್ಲಿ ಗಾಳಿ ಬಾರದಿದ್ದರೆ ಧೂಳು ಕಟ್ಟಿದೆ. ಕರಕರ ಸದ್ದು ಬಂದರೆ ಫ್ಯಾನಿನ ಬೇರಿಂಗ್ ಸವೆದಿದೆ. ಯಂತ್ರ ಸುಡುತ್ತಿದ್ದರೂ ಸದ್ದೇ ಇಲ್ಲದಿದ್ದರೆ ಫ್ಯಾನು ನಿಂತಿದೆ. ಫ್ಯಾನೇ ಇಲ್ಲದ ಮಾದರಿಗಳೂ ಉಂಟು, ಅವಕ್ಕೆ ಇದು ಅನ್ವಯಿಸದು.

3. ಯಂತ್ರ ತಾನಾಗಿ ಆರಿದರೆ

ಮೊದಲು ವಿದ್ಯುತ್ ಸಂಪರ್ಕ ತೆಗೆದು, ಗಟ್ಟಿ ಹಲಗೆಯ ಮೇಲೆ ನೆರಳಿನಲ್ಲಿ ಅರ್ಧ ಗಂಟೆ ಬಿಡಬೇಕು. ಬೇಗ ತಣಿಯಲೆಂದು ಫ್ರಿಜ್ಜಿನಲ್ಲಿ ಇಡುವುದು, ಒದ್ದೆ ಬಟ್ಟೆ ಹೊದಿಸುವುದು ಸರ್ವಥಾ ಕೂಡದು. ಒಳಗೆ ನೀರಿನ ಹನಿ ಕಟ್ಟಿ ಯಂತ್ರ ನಿಜವಾಗಿಯೂ ಸಾಯುತ್ತದೆ.

ಅನಂತರ ಒಂದು ಪರೀಕ್ಷೆ. ಯಂತ್ರವನ್ನು ಹಚ್ಚಿ, ಎಷ್ಟು ನಿಮಿಷಕ್ಕೆ ಆರುತ್ತದೆಂದು ಬರೆದುಕೊಳ್ಳಬೇಕು. ಬೆಳಿಗ್ಗೆ ತಣ್ಣಗಿರುವಾಗ ಇಪ್ಪತ್ತು ನಿಮಿಷ, ಕೂಡಲೇ ಮತ್ತೆ ಹಚ್ಚಿದರೆ ಐದು ನಿಮಿಷ, ಮೂರನೆಯ ಸಲ ಎರಡೇ ನಿಮಿಷ ಎಂದು ಕಡಿಮೆಯಾಗುತ್ತ ಹೋದರೆ ಕಾವೇ ಕಾರಣ. ಬಿಸಿಯೇ ಇಲ್ಲದೆ ಮನಬಂದಂತೆ ಆರಿದರೆ, ಅಥವಾ ವೈರು ಅಲುಗಿಸಿದಾಗ ಆರಿದರೆ, ತೊಂದರೆ ಅಡಾಪ್ಟರ್ ಇಲ್ಲವೇ ಬ್ಯಾಟರಿಯಲ್ಲಿದೆ. ಈ ಟಿಪ್ಪಣಿ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಉಳಿಸುತ್ತದೆ, ನಿಮಗೆ ಅರ್ಧ ಖರ್ಚು.

4. ಏಳದ ಯಂತ್ರ: ನಾಲ್ಕು ಲಕ್ಷಣಗಳು

ಒಂದು: ದೀಪವೂ ಇಲ್ಲ, ಸದ್ದೂ ಇಲ್ಲ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟಿದೆಯೇ ಎಂದು ಬೇರೆ ದೀಪ ಹಾಕಿ ನೋಡಿ. ಪಂಪ್‌ಸೆಟ್ಟಿಗೆಂದು ಮಲ್ಟಿಮೀಟರ್ ಇಟ್ಟುಕೊಂಡವರು ಅಡಾಪ್ಟರಿನ ದುಂಡು ಪಿನ್ನಿನಲ್ಲಿ ಡಿ.ಸಿ. ವೋಲ್ಟ್ ಅಳೆಯಬಹುದು. ಅಡಾಪ್ಟರಿನ ಚೀಟಿಯಲ್ಲಿ 19 ವೋಲ್ಟ್ ಎಂದಿದ್ದರೆ ಅದರ ಆಸುಪಾಸು ತೋರಬೇಕು. ಅಳೆಯುವಾಗ ಎರಡು ಕಡ್ಡಿಗಳು ಒಂದಕ್ಕೊಂದು ತಾಗಬಾರದು. ಚಪ್ಪಟೆ ಟೈಪ್-ಸಿ ಪಿನ್ನಿನ ಅಡಾಪ್ಟರಿಗೆ ಈ ಪರೀಕ್ಷೆ ನಡೆಯದು. ಅದು ಯಂತ್ರಕ್ಕೆ ಸೇರಿದ ಮೇಲೆಯೇ ಪೂರ್ಣ ವೋಲ್ಟ್ ಕೊಡುತ್ತದೆ. ಆಮೇಲೆ ಅಡಾಪ್ಟರ್ ತೆಗೆದು, ಕಳಚುವಂಥ ಬ್ಯಾಟರಿಯಾದರೆ ಅದನ್ನೂ ತೆಗೆದು, ಚಾಲನೆಯ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಬಳಿಕ ಅಡಾಪ್ಟರ್ ಮಾತ್ರ ಸೇರಿಸಿ ಹಚ್ಚಿ. ಸತ್ತಂತಿದ್ದ ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳುತ್ತವೆ.

ಎರಡು: ದೀಪವಿದೆ, ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾದ ಚಿತ್ರ ಕಂಡರೆ ಯಂತ್ರ ಚೆನ್ನಾಗಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಕೆಟ್ಟಿದೆ. ಏನೂ ಕಾಣದೆ ಬೀಪ್ ಸದ್ದು ಬಂದರೆ ಎಷ್ಟು ಸಲ ಬಂದಿತೆಂದು ಎಣಿಸಿ ಬರೆದಿಡಿ. ರ‍್ಯಾಮ್ ಪಟ್ಟಿ ಸಡಿಲವಾಗಿದ್ದರೂ ಹೀಗಾಗುತ್ತದೆ. ಎಣಿಕೆಯಿಂದ ಮೆಕ್ಯಾನಿಕ್ ರೋಗ ಗುರುತಿಸಬಲ್ಲರು.

ಮೂರು: ಕಂಪನಿಯ ಗುರುತು ಮೂಡಿ ಅಲ್ಲೇ ನಿಲ್ಲುತ್ತದೆ. ಇದು ಸಾಮಾನ್ಯವಾಗಿ ಡಿಸ್ಕಿನ ಅಥವಾ ತಂತ್ರಾಂಶದ ತೊಂದರೆ. ಪೆನ್‌ಡ್ರೈವ್, ಪ್ರಿಂಟರ್ ಮೊದಲಾದುವನ್ನು ಕಳಚಿ ಇನ್ನೊಮ್ಮೆ ಹಚ್ಚಿ ನೋಡಬೇಕು.

ನಾಲ್ಕು: ಪೂರ್ತಿ ಎದ್ದು, ಕೆಲವು ನಿಮಿಷದಲ್ಲಿ ಆರುತ್ತದೆ. ಇದು ಕಾವಿನ ರೋಗ. ಮುಂದಿನ ಕ್ರಮ ನೋಡಿ.

5. ಶುಚಿ ಮಾಡುವ ಕ್ರಮ

ಯಂತ್ರವನ್ನು ಆರಿಸಿ, ಅಡಾಪ್ಟರ್ ತೆಗೆದು, ತಣಿದ ಮೇಲೆಯೇ ಕೈ ಹಾಕಬೇಕು. ಒಣಗಿದ ಮೃದು ಕುಂಚದಿಂದ ತಳದ ಮತ್ತು ಪಕ್ಕದ ಕಿಂಡಿಗಳನ್ನು ತಿಕ್ಕಿ. ಫೋಟೋ ಅಂಗಡಿಯಲ್ಲಿ ದೊರೆಯುವ ರಬ್ಬರ್ ಊದುಬುರುಡೆಯಿಂದ ಬಿಸಿಗಾಳಿ ಬರುವ ಕಿಂಡಿಗೆ ಊದಿರಿ. ಫ್ಯಾನಿನ ರೆಕ್ಕೆ ಕೈಗೆ ಎಟುಕುವಂತಿದ್ದರೆ ಕಡ್ಡಿಯಿಂದ ಅದನ್ನು ತಡೆಹಿಡಿದು ಊದಬೇಕು. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರಿನಿಂದ ಊದಿದರೆ ಫ್ಯಾನು ಅತಿವೇಗದಲ್ಲಿ ತಿರುಗಿ ಕೆಡುತ್ತದೆ, ಗಾಳಿಯೊಂದಿಗೆ ನೀರು ಮತ್ತು ಎಣ್ಣೆಯೂ ಒಳಸೇರುತ್ತದೆ. ಕಣದ ಕೆಲಸ ನಡೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ತಳದ ಮುಚ್ಚಳ ಬಿಚ್ಚಿ ಶುಚಿಗೊಳಿಸುವ ಕೆಲಸವನ್ನು ತಿಳಿದವರಿಂದ ಮಾಡಿಸತಕ್ಕದ್ದು.

6. ಊದಿದ ಬ್ಯಾಟರಿ: ಇದರಲ್ಲಿ ಉಪೇಕ್ಷೆ ಸಲ್ಲದು

ಕಾವು ಬಹುಕಾಲ ನಿಂತರೆ ಬ್ಯಾಟರಿಯೊಳಗೆ ಅನಿಲ ಹುಟ್ಟಿ ಅದು ಊದಿಕೊಳ್ಳಬಹುದು. ಬೆರಳಾಡಿಸುವ ಫಲಕ ಮೇಲೆದ್ದಿರುವುದು, ಮುಚ್ಚಳ ಸರಿಯಾಗಿ ಕೂರದಿರುವುದು, ಮೇಜಿನ ಮೇಲೆ ಯಂತ್ರ ಅಲುಗಾಡುವುದು ಇದರ ಗುರುತು. ಕಂಡ ಕೂಡಲೇ ಆರಿಸಿ, ಚಾರ್ಜ್ ಮಾಡುವುದನ್ನು ನಿಲ್ಲಿಸಬೇಕು. ಚುಚ್ಚಬಾರದು, ಒತ್ತಬಾರದು. ಗೋಣಿಚೀಲ, ಒಣಸಿಪ್ಪೆ ಇರುವ ಕೊಠಡಿಯಿಂದ ದೂರವಿಡಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ತಗುಲಿದರೆ ಆರಿಸುವುದು ಬಹಳ ಕಷ್ಟ. ಬ್ಯಾಟರಿಗಳು ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆಯೆಂದು ಅಮೆರಿಕದ ಡೆಲ್ ಕಂಪನಿಯು 2006ರ ಆಗಸ್ಟ್‌ನಲ್ಲಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಯಿತೆಂದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು, ಸುಡಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರದು.

7. ಸಿಡಿಲು ಮತ್ತು ಮುಗ್ಗಲು

ಕಡಿಮೆ ವೋಲ್ಟೇಜಿನಿಂದ ಲ್ಯಾಪ್‌ಟಾಪ್ ಕೆಡುತ್ತದೆಂಬ ಭಯ ಅಷ್ಟಾಗಿ ಬೇಡ. ಹೆಚ್ಚಿನ ಅಡಾಪ್ಟರುಗಳು 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತವೆ. ಭಯಪಡಬೇಕಾದುದು ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ. ಮೋಡ ಕಟ್ಟಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಳಚಬೇಕು. ಇಂಟರ್‌ನೆಟ್ಟಿನ ವೈರನ್ನೂ ತೆಗೆಯಬೇಕು. ಮುಟ್ಟಿದರೆ ಜುಮ್ಮೆನ್ನುವ ಯಂತ್ರವಿದ್ದರೆ ಮನೆಯ ಅರ್ತಿಂಗ್ ಪರೀಕ್ಷಿಸಿರಿ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಯಂತ್ರವನ್ನು ವಾರಗಟ್ಟಲೆ ಕಪಾಟಿನಲ್ಲಿ ಮುಚ್ಚಿಡದೆ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಚ್ಚಿಡಿ. ಆಗ ಆ ಸಣ್ಣ ಕಾವೇ ಒಳಗಿನ ತೇವವನ್ನು ಒಣಗಿಸುತ್ತದೆ. ಇರುವೆ, ಜಿರಲೆ ಕಿಂಡಿಯಲ್ಲಿ ಸೇರದಂತೆ ಹತ್ತಿರ ತಿಂಡಿ ಇಡಬಾರದು.

8. ಯಂತ್ರಕ್ಕಿಂತ ಲೆಕ್ಕ ದೊಡ್ಡದು

ಕೆಟ್ಟ ಯಂತ್ರಕ್ಕೆ ಬದಲಿ ಸಿಗುತ್ತದೆ, ಕಳೆದುಹೋದ ಲೆಕ್ಕಕ್ಕೆ ಸಿಗದು. ಒಬ್ಬ ಬೆಳೆಗಾರರು ಮೂರು ವರ್ಷದ ಕೂಲಿ, ಮುಂಗಡ, ಮಾರಾಟದ ಲೆಕ್ಕವನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಾರೆಂದು ಇಟ್ಟುಕೊಳ್ಳೋಣ. ಫೆಬ್ರವರಿಯಲ್ಲಿ ಯಂತ್ರ ಏಳಲಿಲ್ಲ. ಅಂಗಡಿಗೆ ಕೊಟ್ಟರು. ಅಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಒಳಗಿನದನ್ನೆಲ್ಲ ಅಳಿಸಿ, ಹೊಸದರಂತೆ ಮಾಡಿ ಕೊಟ್ಟರು. ಯಂತ್ರ ಎದ್ದಿತು. ಆದರೆ ಮಾರ್ಚಿಯಲ್ಲಿ ಸಾಲ ನವೀಕರಿಸಲು, ಆಳುಗಳ ಬಾಕಿ ತೀರಿಸಲು ಆಧಾರವೇ ಇಲ್ಲ. ಮಾತಿಗೆ ಮಾತು ಬೆಳೆದು ಹಳೆಯ ಆಳುಗಳೂ ಮನಸ್ಸು ಮುರಿದುಕೊಳ್ಳುತ್ತಾರೆ.

ಇದನ್ನು ತಪ್ಪಿಸಲು ಪ್ರತಿ ಶನಿವಾರ ಲೆಕ್ಕವನ್ನು ಎರಡು ಪೆನ್‌ಡ್ರೈವಿಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಕೂಲಿಯ ಪುಸ್ತಕವನ್ನು ಕಾಗದದಲ್ಲಿಯೂ ಮುಂದುವರಿಸಿ. ಅನೇಕ ಯಂತ್ರಗಳಲ್ಲಿ ಡಿಸ್ಕ್ ಬೇರೆಯಾಗಿ ಕಳಚುತ್ತದೆ. ಯಂತ್ರ ಸತ್ತರೂ ಅದನ್ನು ಇನ್ನೊಂದಕ್ಕೆ ಸೇರಿಸಿ ಲೆಕ್ಕ ಪಡೆಯಬಹುದು. ಆದರೆ ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಇರಬಹುದು. ಅದರ 48 ಅಂಕಿಗಳ ಬೀಗದ ಸಂಖ್ಯೆಯನ್ನು ಈಗಲೇ ಬರೆದು ಪಹಣಿಯ ಕಾಗದಗಳ ಜೊತೆ ಜೋಪಾನ ಮಾಡಿ. ಅಂಗಡಿಗೆ ಕೊಡುವಾಗ "ಕೇಳದೆ ಫಾರ್ಮ್ಯಾಟ್ ಮಾಡಬಾರದು" ಎಂದು ರಸೀದಿಯ ಮೇಲೆ ಬರೆಸಿ, ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ಅಭ್ಯಾಸ

1. ನಿಮ್ಮ ಯಂತ್ರದಲ್ಲಿ ಗಾಳಿ ಒಳಹೋಗುವ ಕಿಂಡಿ ಎಲ್ಲಿದೆ, ಹೊರಬರುವ ಕಿಂಡಿ ಎಲ್ಲಿದೆ? ಕೈಯಿಟ್ಟು ನೋಡಿ.
2. ಅಡಾಪ್ಟರಿನ ಚೀಟಿಯಲ್ಲಿ ಎಷ್ಟು ವೋಲ್ಟ್ ಎಂದಿದೆ?
3. ಆರಿದ ಯಂತ್ರವನ್ನು ಕೂಡಲೇ ಮತ್ತೆ ಹಚ್ಚಬಾರದು, ಏಕೆ?
4. ಇಂದು ಈ ಯಂತ್ರ ಏಳದಿದ್ದರೆ, ಕಳೆದ ವಾರದ ಕೂಲಿಯ ಲೆಕ್ಕ ಬೇರೆಲ್ಲಿ ಸಿಗುತ್ತದೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ತೋಚದವರು ಉಳಿದ ಮೂರನ್ನು ನಾಳೆಗೆ ಬಿಟ್ಟು, ಇಂದೇ ಒಂದು ನಕಲು ತೆಗೆದಿಡಬೇಕೆಂದು ನಾವು ಕೋರುತ್ತೇವೆ.