ಲೇತ್‌ನ ಕಡಲಿಗೆ ಕುತೂಹಲ ತುಂಬುವುದು ಹೇಗೆ?

‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್’ ಎಂಬ ಅಂತರಿಕ್ಷಯಾನದ ಕಂಪ್ಯೂಟರ್ ಆಟ ಆಡುವವರಲ್ಲಿ ಲೇತ್‌ಗೆ ಹೋಗಬೇಕೆಂಬ ಆಸೆ ಇಲ್ಲದವರು ಕಡಿಮೆ. ಜೂಲ್ ಎಂಬ ಹಸಿರು ದೈತ್ಯ ಗ್ರಹಕ್ಕೆ ಎಲ್ಲಕ್ಕಿಂತ ಹತ್ತಿರದಲ್ಲಿ ಸುತ್ತುವ ಉಪಗ್ರಹ ಅದು. ತ್ರಿಜ್ಯ 500 ಕಿ.ಮೀ., ಗುರುತ್ವ ಭೂಮಿಯದರ ಐದರಲ್ಲಿ ನಾಲ್ಕು ಪಾಲು. ಎತ್ತ ನೋಡಿದರೂ ಕಡಲು, ಅಲ್ಲಲ್ಲಿ ದ್ವೀಪ. 50 ಕಿ.ಮೀ. ಎತ್ತರದವರೆಗೆ ಹಬ್ಬಿದ ವಾತಾವರಣದಲ್ಲಿ ಆಮ್ಲಜನಕವೂ ಇದೆ. ಆಟದ ಸೌರಮಂಡಲದಲ್ಲಿ ತವರು ಗ್ರಹವಾದ ಕರ್ಬಿನ್ ಬಿಟ್ಟರೆ ಜೆಟ್ ಎಂಜಿನ್ ಹೊತ್ತಿಕೊಳ್ಳುವುದು ಇಲ್ಲಿ ಮಾತ್ರ.

ಅಷ್ಟು ದೂರ ಹೋಗಿ ಇಳಿದ ಮೇಲೆ ನಿರಾಸೆಯಾಗುತ್ತದೆ. ಒಂದು ಮರಳು ದ್ವೀಪದಿಂದ ಹಾರಿ ಇನ್ನೊಂದಕ್ಕೆ ಹೋದರೆ ಅಲ್ಲೂ ಅದೇ ಮರಳು. ಮುಳುಗಿ ನೋಡಿದರೆ ತಳ ಬೋಳು. ಹೆಚ್ಚಿನವರು ಇದಕ್ಕೆ ಪರಿಹಾರವೆಂದು ಮೋಡ, ಅಲೆ, ಹೊಳಪು ಸೇರಿಸುವ ಮಾಡ್‌ಗಳನ್ನು (ಆಟಗಾರರೇ ತಯಾರಿಸಿದ ಮಾರ್ಪಾಡುಗಳನ್ನು) ಹಾಕಿಕೊಳ್ಳುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಕಾರಣ ಹುಟ್ಟುವುದಿಲ್ಲ. ಅಲ್ಲಿರುವುದು ಇಲ್ಲಿ ಇರಬಾರದು, ಯಾಕಿಲ್ಲ ಎಂಬುದಕ್ಕೆ ಕಾರಣವೂ ಇರಬೇಕು. ಆಗ ಮಾತ್ರ ಆಟಗಾರ ಹುಡುಕಲು ಹೊರಡುತ್ತಾನೆ. ಹಾಗಾಗಿ ಚಂದಗಾಣಿಸುವ ಕೆಲಸವನ್ನು ಕೊನೆಗಿಟ್ಟುಕೊಂಡು, ಭೂಗೋಳದಿಂದ ಶುರುಮಾಡೋಣ.

ಮೊದಲ ಸಿದ್ಧತೆ

ಇಲ್ಲಿ ಹೇಳುವುದೆಲ್ಲ ಮೊದಲ ಆಟದ 1.12.5 ಆವೃತ್ತಿಗೆ ಸಂಬಂಧಿಸಿದ್ದು. ಎರಡನೆಯ ಆಟಕ್ಕೆ ಅನ್ವಯಿಸದು. ಆಟದ ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು, ಆ ಕಾಪಿಯಲ್ಲೇ ಕೆಲಸ ಮಾಡಿ. ಗ್ರಹಗಳನ್ನು ತಿದ್ದಲು ಬೇಕಾದದ್ದು ‘ಕೋಪರ್ನಿಕಸ್’ ಎಂಬ ಮಾಡ್. ‘ಸಿಕೆಎಎನ್’ ತಂತ್ರಾಂಶದ ಮೂಲಕ ಹಾಕಿದರೆ ಅದಕ್ಕೆ ಜೊತೆಯಾಗಿ ಬೇಕಾದ ‘ಮಾಡ್ಯೂಲ್ ಮ್ಯಾನೇಜರ್’ ಮುಂತಾದವೂ ತಾವಾಗಿ ಬರುತ್ತವೆ. ಆಟದ ಆವೃತ್ತಿಗೂ ಕೋಪರ್ನಿಕಸ್ ಆವೃತ್ತಿಗೂ ಹೊಂದಾಣಿಕೆ ಇರಲೇಬೇಕು. ಚಿತ್ರ ಬಿಡಿಸಲು ಉಚಿತವಾಗಿ ಸಿಗುವ ಗಿಂಪ್ ಅಥವಾ ಕ್ರಿಟಾ ಸಾಕು.

‘ಗೇಮ್‌ಡೇಟಾ’ ಫೋಲ್ಡರಿನೊಳಗೆ ನಿಮ್ಮದೇ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ, ನಡುವೆ ಜಾಗ ಬಿಡಬೇಡಿ. ನಿಮ್ಮ ಬದಲಾವಣೆಗಳೆಲ್ಲ ಇದರೊಳಗಿನ ಪಠ್ಯ ಕಡತ ಮತ್ತು ಚಿತ್ರಗಳಲ್ಲೇ ಇರಬೇಕು. ಮೂಲ ಕಡತಗಳನ್ನು ಮುಟ್ಟಬೇಡಿ. ಬೇಡವೆನಿಸಿದಾಗ ಒಂದು ಫೋಲ್ಡರ್ ಅಳಿಸಿದರೆ ಹಳೆಯ ಲೇತ್ ವಾಪಸ್ ಬರುತ್ತದೆ.

ಆಕಾಶದ ಲೆಕ್ಕ

ಕಂಪ್ಯೂಟರ್ ಬದಿಗಿಟ್ಟು ಕಾಗದ ತೆಗೆದುಕೊಳ್ಳಿ. ಲೇತ್ ತನ್ನ ಒಂದೇ ಮುಖವನ್ನು ಸದಾ ಜೂಲ್ ಕಡೆ ತಿರುಗಿಸಿರುತ್ತದೆ. ಅದರ ಒಂದು ದಿನವೂ ಜೂಲ್ ಸುತ್ತ ಒಂದು ಸುತ್ತೂ ಒಂದೇ: ಸುಮಾರು 14 ಗಂಟೆ 43 ನಿಮಿಷ. ಹಾಗಾಗಿ ಒಂದು ಅರ್ಧಗೋಳದವರಿಗೆ ಜೂಲ್ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ, ಇನ್ನೊಂದು ಅರ್ಧಗೋಳದವರಿಗೆ ಎಂದೂ ಕಾಣುವುದಿಲ್ಲ. ಆಟ ತಾನಾಗಿ ಕೊಟ್ಟಿರುವ ಈ ವ್ಯತ್ಯಾಸವನ್ನು ಬಳಸಿಕೊಂಡವರು ಕಡಿಮೆ.

ಜೂಲ್‌ನ ತ್ರಿಜ್ಯ 6,000 ಕಿ.ಮೀ. ಲೇತ್ ಅದರ ಕೇಂದ್ರದಿಂದ 27,184 ಕಿ.ಮೀ. ದೂರದಲ್ಲಿದೆ. ಲೆಕ್ಕ ಹಾಕಿದರೆ ಆಕಾಶದಲ್ಲಿ ಜೂಲ್‌ನ ಅಗಲ ಸುಮಾರು 26 ಡಿಗ್ರಿ, ಅಂದರೆ ನಮ್ಮ ಹುಣ್ಣಿಮೆ ಚಂದ್ರನ ಐವತ್ತು ಪಟ್ಟು. ಇಷ್ಟು ದೊಡ್ಡದೊಂದು ಗೋಳ ನೆತ್ತಿಯ ಮೇಲಿರುವ ಜಾಗದಲ್ಲಿ ನಟ್ಟನಡು ಮಧ್ಯಾಹ್ನ ಸೂರ್ಯ ಅದರ ಹಿಂದೆ ಹೋಗುತ್ತಾನೆ. ಕಕ್ಷೆಗೆ ವಾಲಿಕೆ ಇಲ್ಲದ್ದರಿಂದ ಪ್ರತಿದಿನವೂ ತಪ್ಪದೆ ಸುಮಾರು ಒಂದು ಗಂಟೆ ಕಾಲ ಗ್ರಹಣ. ಬೆಳಗಾಗಿ, ಬಿಸಿಲೇರಿ, ನಡುಹಗಲಲ್ಲಿ ಕತ್ತಲಾಗಿ, ಮತ್ತೆ ಬೆಳಕು ಬಂದು ಸಂಜೆಯಾಗುತ್ತದೆ. ಜೂಲ್ ದಿಗಂತದಂಚಿನಲ್ಲಿ ಕಾಣುವ ಕಡೆಗಳಲ್ಲಿ ಇದೇ ಗ್ರಹಣ ಸೂರ್ಯೋದಯ ಅಥವಾ ಸೂರ್ಯಾಸ್ತದ ಹೊತ್ತಿಗೆ ಬೀಳುತ್ತದೆ. ಆಚೆ ಬದಿಯಲ್ಲಿ ಆಗ ಹೇಗೂ ನಡುರಾತ್ರಿ, ಗೊತ್ತೇ ಆಗದು.

ಸೂರ್ಯನಿಂದ ಜೂಲ್ ಇರುವ ದೂರ ಕರ್ಬಿನ್‌ಗಿಂತ ಐದು ಪಟ್ಟು ಹೆಚ್ಚು, ಆದ್ದರಿಂದ ಬಿಸಿಲು ಶೇ 4ರಷ್ಟೇ. ಜೂಲ್ ಕೆಳಗಿನ ದ್ವೀಪದಲ್ಲಿ ಸೌರಫಲಕ ನಂಬಿಕೊಂಡು ನೆಲೆ ಕಟ್ಟುವವನು ಏಳೂಕಾಲು ಗಂಟೆಯ ರಾತ್ರಿಗೆ ಮಾತ್ರವಲ್ಲ, ಮಧ್ಯಾಹ್ನದ ಕತ್ತಲಿಗೂ ಬ್ಯಾಟರಿ ಇಟ್ಟುಕೊಳ್ಳಬೇಕು. ನಿಮ್ಮ ಅತ್ಯಂತ ಬೆಲೆಯುಳ್ಳ ಜಾಗವನ್ನು ಅಲ್ಲೇ ಇಡಿ ಎಂಬುದು ನನ್ನ ಸಲಹೆ. ಕಷ್ಟಪಟ್ಟು ಹೋಗಬೇಕಾದ ಕಡೆ ಕಣ್ಣಿಗೂ ಹಬ್ಬ ಇರುತ್ತದೆ.

ಬಿಸಿ ಎಲ್ಲಿಂದ?

ಇಷ್ಟು ದೂರದಲ್ಲಿ ನೀರು ಯಾಕೆ ಹೆಪ್ಪುಗಟ್ಟಿಲ್ಲ? ಉತ್ತರಕ್ಕೆ ಗುರುಗ್ರಹದ ಉಪಗ್ರಹಗಳನ್ನು ನೋಡಿ. ಅಯೊ, ಯುರೋಪಾ, ಗ್ಯಾನಿಮೀಡ್‌ಗಳ ಸುತ್ತುವ ಕಾಲ 1:2:4ರ ಅನುಪಾತದಲ್ಲಿದೆ. ಪರಸ್ಪರ ಎಳೆತದಿಂದ ಕಕ್ಷೆಗಳು ತುಸು ಮೊಟ್ಟೆಯಾಕಾರದಲ್ಲೇ ಉಳಿಯುತ್ತವೆ. ಗುರುವಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ ಆಗುವಾಗ ಉಪಗ್ರಹದ ಒಡಲು ಹಿಂಡಿ ಹಿಗ್ಗಿ ಬಿಸಿಯಾಗುತ್ತದೆ. ಅಯೊ ಹೀಗೆ ಕುದಿಯುತ್ತಿರಬಹುದೆಂದು 1979ರಲ್ಲಿ ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಎಂಬ ವಿಜ್ಞಾನಿಗಳು ಲೆಕ್ಕಹಾಕಿ ಪ್ರಕಟಿಸಿದ ಬೆನ್ನಿಗೇ ವಾಯೇಜರ್-1 ನೌಕೆ ಅಲ್ಲಿ ಜ್ವಾಲಾಮುಖಿಗಳನ್ನು ಕಂಡಿತು.

ಆಟದಲ್ಲೂ ಜೂಲ್‌ನ ಉಪಗ್ರಹಗಳಾದ ಲೇತ್, ವ್ಯಾಲ್, ಟೈಲೊಗಳು ಅದೇ 1:2:4ರಲ್ಲಿವೆ. ಕಕ್ಷೆ ಮಾತ್ರ ಪೂರ್ತಿ ದುಂಡಗಿದೆ, ಉತ್ಕೇಂದ್ರತೆ ಸೊನ್ನೆ. ಅಯೊಗೆ ಇದು 0.004. ಕೋಪರ್ನಿಕಸ್‌ನಲ್ಲಿ ಈ ಒಂದು ಸಂಖ್ಯೆಯನ್ನು ಬದಲಿಸಬಹುದು. ಹಾಗೆ ಮಾಡಿದರೆ ಆಟದ ನೀರೇನೂ ಬಿಸಿಯಾಗದು, ಆದರೂ ನಾನು ಬದಲಿಸಿಯೇ ಬದಲಿಸುತ್ತೇನೆ. ನೀವು ಕಟ್ಟುವ ಲೋಕಕ್ಕೆ ಬುಡ ಗಟ್ಟಿಯಿರಬೇಕು.

ಬಿಸಿಯಿದ್ದರೆ ಜ್ವಾಲಾಮುಖಿ, ಜ್ವಾಲಾಮುಖಿಯಿದ್ದರೆ ದ್ವೀಪ. ಹವಾಯಿ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿನ ಸರಪಳಿಯ ಒಂದು ತುದಿಯಲ್ಲಿ ಈಗಲೂ ಲಾವಾ ಉಕ್ಕುವ ದೊಡ್ಡ ದ್ವೀಪ, ಮುಂದೆ ಸವೆದು ತಗ್ಗಿದ ದ್ವೀಪಗಳು, ಇನ್ನೂ ಮುಂದೆ ಮಿಡ್‌ವೇಯಂಥ ಉಂಗುರ ದ್ವೀಪ, ಕೊನೆಗೆ ನೀರಡಿಯಲ್ಲಿ ಮುಳುಗಿದ ಬೆಟ್ಟಗಳು. ಲೇತ್‌ನಲ್ಲಿ ಇಂಥದೊಂದು ಸಾಲನ್ನು ಎಳೆಯಿರಿ. ವಿಮಾನದಲ್ಲಿ ಸಾಲಿನುದ್ದಕ್ಕೂ ಹೋಗುವ ಆಟಗಾರನಿಗೆ ಮುಂದಿನ ದ್ವೀಪ ಯಾಕೆ ಹೀಗಿದೆ ಎಂಬುದು ತಾನಾಗಿ ಹೊಳೆಯುತ್ತದೆ. ಕಡೆಯ ದ್ವೀಪ ದಾಟಿದ ಮೇಲೂ ನೀರಿನಡಿ ಏನೋ ಇರಬೇಕೆಂಬ ಅನುಮಾನವೂ ಮೂಡುತ್ತದೆ. ದ್ವೀಪಗಳನ್ನು ಸಿಕ್ಕಾಪಟ್ಟೆ ಚೆಲ್ಲಬೇಡಿ. ಎರಡು ಸಾಲು, ಒಂದು ಒಂಟಿ ದ್ವೀಪ, ಮಿಕ್ಕದ್ದು ಬರೀ ಕಡಲಾದರೂ ಅಡ್ಡಿಯಿಲ್ಲ.

ಎತ್ತರದ ನಕ್ಷೆ

ಈಗ ಚಿತ್ರ. ಅಗಲ ಎತ್ತರದ ಎರಡು ಪಟ್ಟಿರುವ ಕಪ್ಪು-ಬಿಳುಪು ಚಿತ್ರ ಬೇಕು, 4096×2048 ಪಿಕ್ಸೆಲ್ ಸಾಕು. ಅದರಲ್ಲಿ ಕಪ್ಪು ಎಂದರೆ ತಳ, ಬಿಳಿ ಎಂದರೆ ಶಿಖರ. ಪಠ್ಯ ಕಡತದಲ್ಲಿ ‘ಡಿಫಾರ್ಮಿಟಿ’ ಎಂಬಲ್ಲಿ ಕಪ್ಪಿನಿಂದ ಬಿಳಿಗೆ ಎಷ್ಟು ಮೀಟರ್ ಎಂದೂ, ‘ಆಫ್‌ಸೆಟ್’ ಎಂಬಲ್ಲಿ ಕಪ್ಪು ಎಷ್ಟು ಆಳದಲ್ಲಿದೆ ಎಂದೂ ಹೇಳಬೇಕು. ಡಿಫಾರ್ಮಿಟಿ 8000, ಆಫ್‌ಸೆಟ್ ಮೈನಸ್ 3000 ಕೊಟ್ಟಿರೆನ್ನಿ. ತಳ 3,000 ಮೀಟರ್ ಆಳಕ್ಕೂ ಶಿಖರ 5,000 ಮೀಟರ್ ಎತ್ತರಕ್ಕೂ ಹೋಗುತ್ತದೆ. 0ಯಿಂದ 255ರವರೆಗಿನ ಬೂದು ಛಾಯೆಗಳಲ್ಲಿ 96 ನಿಮ್ಮ ದಡ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 95ರ ಛಾಯೆಯಲ್ಲಿ ಬಳಿದದ್ದು ಮುಳುಗುತ್ತದೆ, 97 ನೀರಿನಿಂದ ಮೇಲೇಳುತ್ತದೆ.

ಇಲ್ಲೇ ಮುಖ್ಯವಾದ ತೊಡಕು ಇರುವುದು. 8,000 ಮೀಟರನ್ನು 255 ಮೆಟ್ಟಿಲಾಗಿ ಹಂಚಿದರೆ ಒಂದೊಂದು ಮೆಟ್ಟಿಲು 31 ಮೀಟರ್. ಇಳಿಜಾರಾಗಿ ನೀರಿಗೆ ಸೇರಬೇಕಾದ ಮರಳ ದಂಡೆ ಹಂತ ಹಂತವಾಗಿ ಕಾಣುತ್ತದೆ. ಅಡ್ಡಕ್ಕೂ ಮಿತಿಯಿದೆ: ಲೇತ್‌ನ ಸುತ್ತಳತೆ 3,142 ಕಿ.ಮೀ., ಅದನ್ನು 4096ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 767 ಮೀಟರ್. ಐದು ಕಿ.ಮೀ. ಅಗಲದ ದ್ವೀಪವೆಂದರೆ ಆರೇಳು ಪಿಕ್ಸೆಲ್ ಅಷ್ಟೇ. ಆದ್ದರಿಂದ ಚಿತ್ರದಲ್ಲಿ ದೊಡ್ಡ ಆಕಾರ ಮಾತ್ರ ಬಿಡಿಸಿ. ಸಣ್ಣ ದಿಬ್ಬ, ಕೊರಕಲುಗಳನ್ನು ಕೋಪರ್ನಿಕಸ್‌ನ ‘ನಾಯ್ಸ್’ ಪದರಗಳಿಗೆ ಬಿಡಿ. ಹತ್ತಾರು ಮೀಟರ್ ಏರಿಳಿತದ ನಾಯ್ಸ್ ಸೇರಿಸಿದರೆ ಮೆಟ್ಟಿಲುಗಳು ಒಡೆದುಹೋಗಿ ದಂಡೆಗೆ ಕೊಲ್ಲಿಗಳೂ ಮೂಡುತ್ತವೆ.

ಇನ್ನು ಕೆಲವು ಎಚ್ಚರಗಳು. ಧ್ರುವದ ಕಡೆ ಚಿತ್ರ ಹಿಗ್ಗಿಕೊಂಡಿರುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ದುಂಡು ದ್ವೀಪ ಬೇಕಿದ್ದರೆ ಎರಡು ಪಟ್ಟು ಅಗಲವಾಗಿ ಬಿಡಿಸಬೇಕು. ಚಿತ್ರದ ಎಡ-ಬಲ ಅಂಚುಗಳು ಒಂದಕ್ಕೊಂದು ಹೊಂದಬೇಕು, ಇಲ್ಲವಾದರೆ ಕಡಲ ನಡುವೆ ಗೋಡೆ ಏಳುತ್ತದೆ. ಹಳೆಯ ಎತ್ತರದ ನಕ್ಷೆಯ ಜಾಗದಲ್ಲೇ ಹೊಸದನ್ನು ಇಡಿ. ಎರಡೂ ಇದ್ದರೆ ಎತ್ತರಗಳು ಕೂಡಿಕೊಳ್ಳುತ್ತವೆ. ಯಾವ ರೇಖಾಂಶ ಎಲ್ಲಿ ಬರುತ್ತದೆಂದು ತಿಳಿಯಲು ಮೊದಲು ಒಂದೇ ಒಂದು ದೊಡ್ಡ ಬಿಳಿ ಚುಕ್ಕೆಯಿರುವ ನಕ್ಷೆ ಹಾಕಿ ನೋಡಿ. ಜೂಲ್ ಎಲ್ಲಿ ನೆತ್ತಿಗೆ ಬರುತ್ತದೆಂಬುದನ್ನೂ ಆಗಲೇ ಗುರುತಿಸಿಕೊಳ್ಳಿ.

ದೂರದಿಂದ ಕಾಣುವ ಗೋಳ ಬೇರೆ, ಇಳಿದಾಗ ಸಿಗುವ ನೆಲ ಬೇರೆ. ಆಟ ಎರಡನ್ನೂ ಪ್ರತ್ಯೇಕವಾಗಿ ಇಟ್ಟುಕೊಂಡಿರುತ್ತದೆ. ಎತ್ತರ ಬದಲಿಸಿದ ಮೇಲೆ ಕೋಪರ್ನಿಕಸ್‌ನ ಕ್ಯಾಶ್ ಕಡತವನ್ನು ಅಳಿಸಬೇಕು, ದೂರದ ನೋಟದ ಬಣ್ಣದ ಚಿತ್ರವನ್ನೂ ಹೊಸದಾಗಿ ಕೊಡಬೇಕು. ಮರೆತರೆ ಕಕ್ಷೆಯಿಂದ ದ್ವೀಪವಾಗಿ ಕಂಡದ್ದು ಇಳಿಯುವಾಗ ನೀರಾಗಿರುತ್ತದೆ.

ಬಯೋಮ್ ಮತ್ತು ಸುಳಿವು

ಯಾವ ಜಾಗಕ್ಕೆ ಯಾವ ಹೆಸರು, ಎಷ್ಟು ವಿಜ್ಞಾನದ ಅಂಕ ಎಂಬುದನ್ನು ನಿರ್ಧರಿಸುವುದು ಬಯೋಮ್ ನಕ್ಷೆ. ಒಂದೊಂದು ಬಯೋಮ್‌ಗೆ ಒಂದೊಂದು ಅಪ್ಪಟ ಬಣ್ಣ. ಬ್ರಷ್‌ನಿಂದ ಬಳಿಯಬೇಡಿ, ಪೆನ್ಸಿಲ್ ಉಪಕರಣ ಬಳಸಿ. ಅಂಚುಗಳನ್ನು ನಯಗೊಳಿಸುವ ಆಯ್ಕೆಯನ್ನು ತೆಗೆದುಬಿಡಿ. ಎರಡು ಬಣ್ಣಗಳ ನಡುವೆ ಬೆರಕೆ ಬಣ್ಣ ಹುಟ್ಟಿದರೆ ಗಡಿಯಲ್ಲಿ ಸಂಬಂಧವಿಲ್ಲದ ಮೂರನೆಯ ಬಯೋಮ್ ಹೆಸರು ಕಾಣಿಸಿಕೊಳ್ಳುತ್ತದೆ.

ಆಟ ಗುರುತಿಸುವ ಸ್ಥಿತಿಗಳು ಆರೇ: ನೆಲದ ಮೇಲೆ, ನೀರಿನಲ್ಲಿ, ಕೆಳಗಿನ ಹಾರಾಟ, ಮೇಲಿನ ಹಾರಾಟ, ಹತ್ತಿರದ ಅಂತರಿಕ್ಷ, ದೂರದ ಅಂತರಿಕ್ಷ. ಆಳಕ್ಕೆಂದು ಬೇರೆ ಲೆಕ್ಕವಿಲ್ಲ. ಹಾಗಾದರೆ ಕಡಲ ತಳಕ್ಕೆ ಬೆಲೆ ಕೊಡುವುದು ಹೇಗೆ? ಎತ್ತರದ ನಕ್ಷೆಯಲ್ಲಿ ಕಡಲ ತಳಕ್ಕೊಂದು ಕಂದರ ಬಿಡಿಸಿ. ಬಯೋಮ್ ನಕ್ಷೆಯಲ್ಲಿ ಅದರ ನೇರ ಮೇಲೆ ಕಿರಿದಾದ ಬಯೋಮ್ ಬಿಡಿಸಿ, ಅದಕ್ಕೆ ಹೆಚ್ಚಿನ ಅಂಕ ಕೊಡಿ. ಹತ್ತಿಪ್ಪತ್ತು ಕಿ.ಮೀ. ಅಗಲದ ಪಟ್ಟಿಯನ್ನು ಅಷ್ಟು ದೊಡ್ಡ ಕಡಲಲ್ಲಿ ಕಂಡುಹಿಡಿಯುವುದೇ ಒಂದು ಯಾನವಾಗುತ್ತದೆ.

ಕುರುಡಾಗಿ ಹುಡುಕುವಂತಾಗಬಾರದು, ಸುಳಿವು ಬೇಕು. ಪ್ರಯೋಗದ ಫಲಿತಾಂಶವಾಗಿ ತೆರೆಯ ಮೇಲೆ ಬರುವ ವಾಕ್ಯಗಳನ್ನು ನೀವೇ ಬರೆಯಬಹುದು. ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ಕಂದರದಿಂದ ದೂರದ ಕಡಲಲ್ಲಿ ತಾಪಮಾಪಕ ‘ನೀರು ನಿರೀಕ್ಷೆಗಿಂತ ತುಸು ಬೆಚ್ಚಗಿದೆ, ಪೂರ್ವದಿಂದ ಬರುತ್ತಿರುವಂತಿದೆ’ ಎನ್ನಲಿ. ಹತ್ತಿರದ ದ್ವೀಪದ ಮಣ್ಣಿನ ಮಾದರಿ ‘ಗಂಧಕದ ವಾಸನೆ, ಕಣಗಳ ಮೇಲೆ ಕಪ್ಪು ಲೇಪ’ ಎನ್ನಲಿ. ಎಲ್ಲವನ್ನೂ ಒಂದೇ ಕಡೆ ಹೇಳಬೇಡಿ.

ಕಂದರದಲ್ಲಿ ಏನಿದೆ? 1977ರಲ್ಲಿ ಗ್ಯಾಲಪಗೋಸ್ ಬಳಿ ಸುಮಾರು 2,500 ಮೀಟರ್ ಆಳಕ್ಕೆ ಇಳಿದ ‘ಆಲ್ವಿನ್’ ನೌಕೆಯಲ್ಲಿದ್ದವರಿಗೆ ಬಿಸಿನೀರ ಬುಗ್ಗೆಗಳ ಸುತ್ತ ಸೂರ್ಯನ ಹಂಗಿಲ್ಲದೆ ಬದುಕಿದ ಜೀವಿಗಳು ಸಿಕ್ಕವು. ಶನಿಯ ಎನ್ಸೆಲಡಸ್‌ನಿಂದ ಚಿಮ್ಮುವ ನೀರಿನಲ್ಲಿ ಹೈಡ್ರೋಜನ್ ಅಣು ಇದೆಯೆಂದು 2017ರಲ್ಲಿ ಕ್ಯಾಸಿನಿ ನೌಕೆಯ ತಂಡ ಹೇಳಿದಾಗ, ಅಲ್ಲೂ ತಳದಲ್ಲಿ ಇಂಥ ಬುಗ್ಗೆಗಳಿರಬಹುದೆಂಬ ಆಸೆ ಬಲವಾಯಿತು. ನಿಮ್ಮ ಕಂದರದಲ್ಲೂ ಬುಗ್ಗೆಯ ಗೋಪುರಗಳನ್ನು ನಿಲ್ಲಿಸಿ. ಅಟ್ಲಾಂಟಿಕ್‌ನಲ್ಲಿ 2000ದಲ್ಲಿ ಪತ್ತೆಯಾದ ‘ಲಾಸ್ಟ್ ಸಿಟಿ’ಯ ಬಿಳಿ ಗೋಪುರಗಳು 60 ಮೀಟರ್‌ವರೆಗೂ ಎತ್ತರವಿವೆ, ಅದೇ ಅಳತೆ ಹಿಡಿಯಬಹುದು. ‘ಕರ್ಬಲ್ ಕನ್‌ಸ್ಟ್ರಕ್ಟ್ಸ್’ ಎಂಬ ಮಾಡ್‌ನಲ್ಲಿ ಇಂಥ ಸ್ಥಿರ ವಸ್ತುಗಳನ್ನು ಬೇಕಾದ ಕಡೆ ಇಡಬಹುದು. ಅಲ್ಲಿಗೆ ಇಳಿಯುವ ನೌಕೆ ತೇಲದಿರಲು ಅದಿರಿನ ಟ್ಯಾಂಕ್‌ಗಳನ್ನು ತುಂಬಿಸಿ ಭಾರವಾಗಿ ಬಳಸುವುದು ಆಟಗಾರರಲ್ಲಿ ರೂಢಿಯಲ್ಲಿರುವ ಉಪಾಯ.

ಕೊನೆಗೆ ಅಲಂಕಾರ

ಮೋಡಕ್ಕೆ ‘ಇವಿಇ’, ಆಕಾಶದ ಬಣ್ಣ ಮತ್ತು ಅಲೆಗಳಿಗೆ ‘ಸ್ಕ್ಯಾಟರರ್’, ಹತ್ತಿರದಿಂದ ಕಾಣುವ ಕಲ್ಲು-ಮಣ್ಣಿಗೆ ‘ಪ್ಯಾರಲಾಕ್ಸ್’. ಮಧ್ಯಾಹ್ನದ ಗ್ರಹಣದ ಕತ್ತಲು ಕಣ್ಣಿಗೆ ಕಾಣಲು ಸ್ಕ್ಯಾಟರರ್ ನೆರವಾಗುತ್ತದೆ. ಮೋಡವನ್ನು ಎಲ್ಲೆಡೆ ಹರಡದೆ ಎತ್ತರದ ಜ್ವಾಲಾಮುಖಿಗಳ ಮೇಲೆ ದಟ್ಟವಾಗಿಸಿ, ದೂರದಿಂದಲೇ ದ್ವೀಪದ ಗುರುತು ಹತ್ತುತ್ತದೆ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರು ಪ್ಯಾರಲಾಕ್ಸ್ ಬಿಟ್ಟರೂ ನಷ್ಟವಿಲ್ಲ.

ಪರೀಕ್ಷಿಸಲು ಪ್ರತಿ ಸಲ ಕರ್ಬಿನ್‌ನಿಂದ ಹಾರಬೇಕಿಲ್ಲ. ಆಲ್ಟ್ ಮತ್ತು ಎಫ್12 ಒಟ್ಟಿಗೆ ಒತ್ತಿ ಬರುವ ಪಟ್ಟಿಯಲ್ಲಿ ನೌಕೆಯನ್ನು ನೇರವಾಗಿ ಬೇಕಾದ ಅಕ್ಷಾಂಶ-ರೇಖಾಂಶದಲ್ಲಿ ಇಳಿಸಬಹುದು. ಎಲ್ಲ ಸರಿಯಾದ ಮೇಲೆ ಒಮ್ಮೆಯಾದರೂ ಸಮುದ್ರ ವಿಮಾನದಲ್ಲಿ ದ್ವೀಪದ ಸಾಲಿನುದ್ದಕ್ಕೂ ಹಾರಿ, ಸುಳಿವುಗಳನ್ನು ಹಿಡಿದು ಕಂದರ ಸಿಗುತ್ತದೆಯೇ ನೋಡಿ. ನಿಮಗೆ ಉತ್ತರ ಗೊತ್ತಿರುವುದರಿಂದ, ಗೊತ್ತಿಲ್ಲದ ಗೆಳೆಯರೊಬ್ಬರಿಂದ ಆಡಿಸಿ ಪಕ್ಕದಲ್ಲಿ ಸುಮ್ಮನೆ ಕೂರುವುದು ಇನ್ನೂ ಒಳ್ಳೆಯದು.

ಇತರರೊಂದಿಗೆ ಹಂಚುವುದಾದರೆ ಆಟದ ಮೂಲ ಚಿತ್ರಗಳನ್ನು ಜೊತೆಗಿಡಬೇಡಿ, ನೀವು ಮಾಡಿದ ಕಡತಗಳಷ್ಟನ್ನೇ ಕೊಡಿ. ಜೊತೆಯ ಸೂಚನೆಯಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ಹಳೆಯ ಸೇವ್‌ನಲ್ಲಿ ಲೇತ್ ಮೇಲೆ ನಿಂತ ನೌಕೆಗಳಿದ್ದರೆ, ಮಾಡ್ ಹಾಕುವ ಮುಂಚೆ ಅವನ್ನು ಕಕ್ಷೆಗೆ ಏರಿಸಿಕೊಳ್ಳಬೇಕು. ನೆಲದ ಎತ್ತರ ಬದಲಾದಾಗ ಅವು ಮಣ್ಣಿನಡಿ ಸಿಕ್ಕಿಕೊಂಡು ಸಿಡಿದುಹೋಗಬಹುದು.